ಇನ್‌ಕಮ್ ಟ್ಯಾಕ್ಸ್ ಕಟ್ಟೋದು ನಾವು ನಾಲ್ಕು ಜನ, ಸೌಲಭ್ಯ ಊರಿಗೆಲ್ಲ?

ಸಂಬಳದವ:
ಸಂಬಳ ಕೈಗೆ ಬರುವ ಮೊದಲೇ ಟಿಡಿಎಸ್ (ಕಂಪನಿಯೇ ಮುರಿದುಕೊಂಡು ಕಟ್ಟುವ ಆದಾಯ ತೆರಿಗೆ) ಹೋಗಿರುತ್ತದೆ. ಉಳಿದದ್ದರಲ್ಲಿ ಏನು ಕೊಂಡರೂ ಜಿಎಸ್‌ಟಿ, ಗಾಡಿಗೆ ಪೆಟ್ರೋಲ್ ಹಾಕಿಸಿದರೆ ಅಲ್ಲೂ ತೆರಿಗೆ. ವ್ಯಾಪಾರಸ್ಥರು ಖರ್ಚೆಲ್ಲ ಕಳೆದು ಉಳಿದ ಲಾಭಕ್ಕೆ ಕಟ್ಟುತ್ತಾರೆ, ನಮಗೆ ಆದಾಯದಲ್ಲಿ 75,000 ಮಾತ್ರ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ ಕಳೆಯಲು ಬಿಟ್ಟು ಕೈತೊಳೆದುಕೊಂಡಿದ್ದಾರೆ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು. ಸರಿ, ಅದಕ್ಕಿಂತ ಸ್ವಲ್ಪ ಮೇಲಿರುವವರು ಏನು ಪಾಪ ಮಾಡಿದ್ದಾರೆ? ಬೆರಳೆಣಿಕೆಯ ಜನ ಕಟ್ಟಿ ದೇಶ ಸಾಕಬೇಕಾ? ಜಗಳಕ್ಕೆ ಕೇಳುತ್ತಿಲ್ಲ, ಹೊರೆ ನಿಜಕ್ಕೂ ಯಾರ ಮೇಲೆ ಜಾಸ್ತಿ ಬೀಳ್ತಿದೆ ಅಂತ ಲೆಕ್ಕ ಗೊತ್ತಿರುವವರು ಹೇಳಿ.

ಲೆಕ್ಕದ ಪುಸ್ತಕ:
ಟಿಡಿಎಸ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ "ದೇಶ ಸಾಕೋದು" ಅನ್ನೋದು ಒಪ್ಪೋ ಮಾತಲ್ಲ. 299 ರೂಪಾಯಿ ಮೊಬೈಲ್ ರೀಚಾರ್ಜ್ ತಗೊಳ್ಳಿ. ಶೇ. 18 ಜಿಎಸ್‌ಟಿ ಅಂದರೆ ಅದರಲ್ಲಿ ಸುಮಾರು 45 ರೂಪಾಯಿ ತೆರಿಗೆಯೇ. ಗಾರೆ ಕೆಲಸದವರೂ ಅಷ್ಟೇ ಕೊಡುತ್ತಾರೆ, ಕಂಪನಿ ಎಂಡಿಯೂ ಅಷ್ಟೇ ಕೊಡುತ್ತಾರೆ. ತಿಂಗಳಿಗೆ 15 ಸಾವಿರ ದುಡಿಯುವವರಿಗೆ ಉಳಿತಾಯ ಅನ್ನೋದೇ ಇರಲ್ಲ, ಬಂದದ್ದೆಲ್ಲ ಖರ್ಚಾಗುತ್ತೆ, ಖರ್ಚಾದ ಹಲವು ಕಡೆ ಜಿಎಸ್‌ಟಿ ಕಾದು ಕೂತಿರುತ್ತೆ. ತಿಂಗಳಿಗೆ ಮೂರು ಲಕ್ಷ ದುಡಿಯುವವರು ಅರ್ಧ ದುಡ್ಡನ್ನು ಮ್ಯೂಚುವಲ್ ಫಂಡಿಗೆ ಹಾಕಿದರೆ ಆ ಅರ್ಧಕ್ಕೆ ಜಿಎಸ್‌ಟಿ ಹೆಚ್ಚುಕಮ್ಮಿ ಬೀಳೋದೇ ಇಲ್ಲ. ಆದಾಯಕ್ಕೆ ಹೋಲಿಸಿ ನೋಡಿದರೆ ಯಾರಿಗೆ ಹೆಚ್ಚು ಬಿತ್ತು ಹೇಳಿ. 2023-24ರಲ್ಲಿ ಒಟ್ಟು ಜಿಎಸ್‌ಟಿ ಸಂಗ್ರಹ 20 ಲಕ್ಷ ಕೋಟಿ ದಾಟಿತ್ತು. ವೈಯಕ್ತಿಕ ಆದಾಯ ತೆರಿಗೆ ಸುಮಾರು 10.4 ಲಕ್ಷ ಕೋಟಿ.

ಅಕ್ಕಿಮಂಡಿ:
2022ರ ಜುಲೈನಲ್ಲಿ ಲೇಬಲ್ ಇರೋ ಪ್ಯಾಕೆಟ್ ಅಕ್ಕಿಗೂ ಶೇ. 5 ಜಿಎಸ್‌ಟಿ ಹಾಕಿದರು, 25 ಕೆ.ಜಿ.ವರೆಗೆ ಮಾತ್ರ. ಮರುದಿನದಿಂದಲೇ 26 ಕೆ.ಜಿ. ಮೂಟೆ ಹುಟ್ಟಿಕೊಂಡಿತು! ಒಟ್ಟಿಗೆ ಮೂಟೆ ತಗೊಳ್ಳೋ ಶಕ್ತಿ ಇರೋರಿಗೆ ತೆರಿಗೆ ಇಲ್ಲ, ವಾರಕ್ಕೊಂದು 5 ಕೆ.ಜಿ. ಪ್ಯಾಕೆಟ್ ತಗೊಳ್ಳೋರಿಗೆ ಇದೆ. ಈ ಐಡಿಯಾ ಕೊಟ್ಟ ಮಹಾನುಭಾವರು ಯಾರೋ.

ಎರಡೆಕರೆ:
"ರೈತರಿಗೆ ಟ್ಯಾಕ್ಸೇ ಇಲ್ಲ" ಅಂತ ಯಾರಾದರೂ ಬರೆಯೋ ಮುಂಚೆ ನಾನೇ ಹೇಳಿಬಿಡ್ತೀನಿ. ಗೊಬ್ಬರಕ್ಕೆ ಶೇ. 5, ಕೀಟನಾಶಕಕ್ಕೆ ಶೇ. 18, ಡೀಸೆಲ್‌ದು ಬೇರೆ. ಅಂಗಡಿಯವರು, ಫ್ಯಾಕ್ಟರಿಯವರು ಸಾಮಾನು ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು, ಮಾರಿದಾಗ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್ ಅಂತ ಮುರಿದುಕೊಳ್ಳುತ್ತಾರೆ. ನಾವು ಬೆಳೆ ಮಾರಿದಾಗ ತೆರಿಗೆ ಇಲ್ಲ, ಹಾಗಾಗಿ ಮುರಿದುಕೊಳ್ಳಲು ಏನೂ ಇಲ್ಲ. ಕೊಟ್ಟದ್ದು ಕೊಟ್ಟ ಹಾಗೇ. ಬೆಲೆ ನಾವು ಕಟ್ಟೋದಲ್ಲ, ಮಂಡಿಯವರು ಕಟ್ಟೋದು, ಅದನ್ನು ಮುಂದೆ ದಾಟಿಸೋಕೂ ಆಗಲ್ಲ.

ಸಂಬಳದವ:
ಜಿಎಸ್‌ಟಿ ಎಲ್ಲರೂ ಕಟ್ಟುತ್ತಾರೆ, ಗೊತ್ತು. ನಾವು ಎರಡೂ ಕಟ್ಟುತ್ತೇವೆ, ನನ್ನ ತಕರಾರು ಅದು. ಮೇಲಿನವರನ್ನು ಬಿಟ್ಟು ನಮ್ಮನ್ನೇ ಯಾಕೆ ಹಿಂಡೋದು?

ಲೆಕ್ಕದ ಪುಸ್ತಕ:
ಈಗ ಸರಿಯಾದ ಬಾಗಿಲು ತಟ್ಟಿದಿರಿ. 2019ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟ್ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಖೋತಾ ಅಂತ ಸರ್ಕಾರವೇ ಹೇಳಿತ್ತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲೇ ತೆಗೆದಿದ್ದರು. 2023ರಲ್ಲಿ 5 ಕೋಟಿ ಮೇಲೆ ಆದಾಯ ಇರುವವರ ಸರ್‌ಚಾರ್ಜ್ (ತೆರಿಗೆಯ ಮೇಲಿನ ಹೆಚ್ಚುವರಿ ತೆರಿಗೆ) ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ ಶೇ. 37ರಿಂದ 25ಕ್ಕೆ ಬಂತು. ಇದೆಲ್ಲ ಆದ ಮೇಲೆ 2023-24ರಲ್ಲಿ ಕಂಪನಿಗಳೆಲ್ಲ ಸೇರಿ ಕಟ್ಟಿದ್ದು ಸುಮಾರು 9.1 ಲಕ್ಷ ಕೋಟಿ, ವ್ಯಕ್ತಿಗಳು ಕಟ್ಟಿದ್ದಕ್ಕಿಂತ ಕಮ್ಮಿ. ನೀವು ಕೆಳಗೆ ನೋಡಿ ಬೈತಿದ್ದೀರಿ, ದುಡ್ಡು ಸೋರಿದ್ದು ಮೇಲಿನಿಂದ.

ನಡುದಾರಿ:
ಕಂಪನಿ ತೆರಿಗೆ ಇಳಿಸಿದ್ದು ಸುಮ್ನೆ ದಾನ ಅಲ್ಲ ಸ್ವಾಮಿ. ಸುತ್ತಲಿನ ದೇಶಗಳಲ್ಲಿ ಕಮ್ಮಿ ಇದ್ದರೆ ಫ್ಯಾಕ್ಟರಿ ಅಲ್ಲಿಗೆ ಹೋಗುತ್ತೆ. 22ಕ್ಕೆ ಬರಬೇಕಾದರೆ ಹಳೇ ವಿನಾಯಿತಿಗಳನ್ನು ಬಿಡಬೇಕು, ಡಿವಿಡೆಂಡಿಗೂ (ಕಂಪನಿ ಹಂಚುವ ಲಾಭಕ್ಕೂ) 2020ರಿಂದ ಷೇರುದಾರರೇ ತೆರಿಗೆ ಕಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ಪೇಸ್ಟು, ಶಾಂಪೂ ಎಲ್ಲ ಶೇ. 18ರಿಂದ 5ಕ್ಕೆ ಬಂತು, ಅದನ್ನೂ ಹೇಳಬೇಕಲ್ವಾ?

ಲೆಕ್ಕದ ಪುಸ್ತಕ:
ಹೇಳೋಣ, ಒಳ್ಳೇ ಕೆಲಸವೇ. ಆದರೆ ಜಿಎಸ್‌ಟಿ ಬಂದ ಮೇಲೆ ಅದಕ್ಕೆ ಎಂಟು ವರ್ಷ ಬೇಕಾಯಿತು. ಕಂಪನಿಗಳಿಗೆ ಒಂದು ಬೆಳಿಗ್ಗೆ ಸುದ್ದಿಗೋಷ್ಠಿ ಸಾಕಾಗಿತ್ತು.

ಬಂಕ್ ಪಕ್ಕದವ:
ಪೆಟ್ರೋಲ್ ಯಾರೂ ಬಿಡಿಸಿ ಹೇಳಲಿಲ್ಲ. 2022ರ ಮೇನಲ್ಲಿ ಕಡಿತ ಮಾಡಿದ ಮೇಲೂ ಕೇಂದ್ರದ ಸುಂಕ ಲೀಟರಿಗೆ 19.90 ಇತ್ತು. ಅದರಲ್ಲಿ ರಾಜ್ಯಗಳಿಗೆ ಪಾಲು ಕೊಡಬೇಕಾದ ಮೂಲ ಸುಂಕ ಬರೀ 1.40. ಉಳಿದದ್ದೆಲ್ಲ ರಾಜ್ಯಗಳಿಗೆ ಪಾಲಿಲ್ಲದ ಸೆಸ್ಸು, ವಿಶೇಷ ಸುಂಕ. ನಮ್ಮ ರಾಜ್ಯವೂ ಸುಮ್ಮನೆ ಕೂತಿಲ್ಲ, 2024ರ ಜೂನ್‌ನಲ್ಲಿ ಪೆಟ್ರೋಲ್ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಜಿಎಸ್‌ಟಿಗೆ ತನ್ನಿ ಅಂದರೆ ಇಬ್ಬರೂ ಕಿವುಡರು.