ಕ್ವಾಂಟಮ್ ಮ್ಯಾಟರ್ ಮತ್ತು ಆಪ್ಟಿಕ್ಸ್‌ನಲ್ಲಿ ಎಂಎಸ್ಸಿ: ದಿನಾ ಏನು ಮಾಡ್ತಾರೆ?

ಇಂಡಿ ಹುಡುಗ:
ವಿಜಯಪುರದಲ್ಲಿ ಬಿಎಸ್ಸಿ ಕೊನೇ ವರ್ಷ, ಫಿಸಿಕ್ಸ್-ಮ್ಯಾಥ್ಸ್. ಲ್ಯಾಬಿನಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ನ್ಯೂಟನ್ಸ್ ರಿಂಗ್ಸ್ ಒಂದೇ. ಸೋಡಿಯಂ ದೀಪ ಕಾದು ಹಳದಿ ಆಗುವವರೆಗೆ ಕೂರುವುದು, ಆಮೇಲೆ ಉಂಗುರ ಎಣಿಸುವುದು, ಹದಿನಾಲ್ಕೋ ಹದಿನೈದೋ ಅನ್ನುವಷ್ಟರಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡುವುದು, ಅದೂ ಬೇಜಾರಾಗಲಿಲ್ಲ. ಈಗ ಎಂಎಸ್ಸಿ ಹುಡುಕುವಾಗ ಈ ಹೆಸರು ಕಂಡಿತು. ಮ್ಯಾಟರ್ ಅಂದರೆ ವಸ್ತು, ಆಪ್ಟಿಕ್ಸ್ ಅಂದರೆ ಬೆಳಕು, ಎರಡನ್ನೂ ಯಾಕೆ ಒಟ್ಟಿಗೆ ಕಟ್ಟಿದ್ದಾರೆ? ಮಾಮ ಬಿ.ಎಡ್ ಮಾಡು, ಊರಲ್ಲೇ ಇರಬಹುದು ಅಂತಾರೆ. ಗೊತ್ತಿದ್ದವರು ಹೇಳಿ.

ಜಮಖಂಡಿ ಅಕ್ಕ:
ತಮ್ಮಾ, ನಾನು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ತಣ್ಣನೆ ಪರಮಾಣುಗಳ ಮೇಲೆ. ಒಟ್ಟಿಗೆ ಕಟ್ಟಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಆ ಮ್ಯಾಟರ್ ತಯಾರಾಗುವುದೇ ಬೆಳಕಿನಿಂದ ಪರಮಾಣುಗಳನ್ನು ತಣ್ಣಗೆ ಮಾಡಿ.

ರುಬಿಡಿಯಂ ತಗೋ. 39 ಡಿಗ್ರಿಗೇ ಕರಗುವ ಲೋಹ, ನಮ್ಮ ಕಡೆ ಮೇ ತಿಂಗಳಲ್ಲಿ ಗಾಜಿನ ಕೊಳವೆಯೊಳಗೆ ಇದ್ದಲ್ಲೇ ನೀರಾಗುತ್ತದೆ. ಅದರ ಆವಿಯಲ್ಲಿ ಪರಮಾಣುಗಳು ಸೆಕೆಂಡಿಗೆ ಮುನ್ನೂರು ಮೀಟರ್ ಹತ್ತಿರ ಓಡುತ್ತಿರುತ್ತವೆ. ಎದುರಿನಿಂದ 780 ನ್ಯಾನೋಮೀಟರ್ ಲೇಸರ್ ಬಿಟ್ಟರೆ ಒಂದೊಂದು ಫೋಟಾನ್, ಅಂದರೆ ಬೆಳಕಿನ ಕಣ, ನುಂಗಿದಾಗಲೂ ವೇಗ ಸೆಕೆಂಡಿಗೆ ಬರೀ 6 ಮಿಲಿಮೀಟರ್ ಇಳಿಯುತ್ತದೆ. ಎದುರುಗಾಳಿಯಲ್ಲಿ ಸೈಕಲ್ ತುಳಿದ ಹಾಗೆ, ಆದರೆ ಆ ಗಾಳಿ ಸಾವಿರಾರು ಸಲ ಬಡಿಯಬೇಕು. ವೇಗ ಇಳಿದಷ್ಟೂ ತಣ್ಣಗೆ, ಇಷ್ಟಾದರೂ ಸಾಲದು. ಉಳಿದದ್ದನ್ನು ಬಸಿಗೆ ಸುರಿದ ಚಹಾ ಆರಿದ ಹಾಗೆ ಆರಿಸ್ತೇವೆ, ಬಿಸಿ ಜಾಸ್ತಿ ಇರುವವು ಹಾರಿ ಹೋಗಲಿ ಅಂತ ಬಿಡುವುದು. ಬೋಸ್ 1924ರಲ್ಲಿ ಹಾಕಿದ ಲೆಕ್ಕವನ್ನು ಐನ್‌ಸ್ಟೈನ್ ಮುಂದುವರಿಸಿದರಲ್ಲ, ತೀರಾ ತಣ್ಣಗಾದರೆ ಪರಮಾಣುಗಳು ಒಟ್ಟಾಗಿ ಒಂದೇ ಸ್ಥಿತಿಗೆ ಇಳಿಯುತ್ತವೆ ಅಂತ, ಅದು ಅನಿಲದಲ್ಲಿ ಕಣ್ಣಿಗೆ ಕಂಡದ್ದು 1995ರಲ್ಲಿ, ಅಮೆರಿಕದಲ್ಲಿ, ಇದೇ ರುಬಿಡಿಯಂನಲ್ಲಿ. ಒಂದು ಕೆಲ್ವಿನ್ನಿನ ಕೋಟಿಯಲ್ಲಿ ಎರಡು ಭಾಗಕ್ಕಿಂತ ಕಡಿಮೆ ತಾಪ!

ದಿನಾ ಏನು ಮಾಡ್ತೀವಿ ಅಂದ್ರೆ, ಕನ್ನಡಿ ತಿರುಗಿಸ್ತೀವಿ. ಸುಮ್ನೆ ಹೇಳ್ತಿಲ್ಲ. ಆ ಬೆಳಕು ಕಣ್ಣಿಗೆ ಕಾಣುವುದೇ ಕಷ್ಟ, ಒಂದು ಕಾರ್ಡ್ ಅಡ್ಡ ಹಿಡಿದರೆ ಅದರ ಮೇಲೆ ಚುಕ್ಕೆ ಹೊಳೆಯುತ್ತದೆ. ಅದನ್ನು ಕೂದಲಿಗಿಂತ ತೆಳ್ಳಗಿನ ಫೈಬರ್ ತಿರುಳಿನೊಳಗೆ ತೂರಿಸಬೇಕು. ಮೊದಲ ಸಲ ನನಗೆ ಮೂರು ದಿನ ಹಿಡಿಯಿತು. ಉಂಗುರ ಮತ್ತೆ ಎಣಿಸಿ ಬೇಜಾರಾಗದವನಿಗೆ ಇದೂ ಬೇಜಾರಾಗಲ್ಲ.

ಬಾಗಲಕೋಟೆ ಬಿಸಿಲು:
ಹೆಸರು ನೋಡಿ ಸೇರಬೇಡ, ನಾನು ಸೇರಿ ಕೆಟ್ಟೆ. ಕಾಲೇಜು ಯಾವುದು ಅಂತ ಬೇಡ. ಪ್ರಾಸ್ಪೆಕ್ಟಸ್‌ನಲ್ಲಿ ಕ್ವಾಂಟಮ್ ಆಪ್ಟಿಕ್ಸ್ ಇತ್ತು. ಮೂರನೇ ಸೆಮಿಸ್ಟರ್‌ಗೆ ಹೋದ ಮೇಲೆ ಗೊತ್ತಾಯ್ತು, ಅದನ್ನು ಕಲಿಸುತ್ತಿದ್ದವರು ರಿಟೈರ್ ಆಗಿ ಎರಡು ವರ್ಷವಾಗಿತ್ತು. ಲೇಸರ್ ಇತ್ತು, ಪ್ಲಾಸ್ಟಿಕ್ ಹೊದ್ದುಕೊಂಡು, ದಸರಾದಲ್ಲಿ ಹಚ್ಚಿದ ಕುಂಕುಮದ ಸಮೇತ. ಅದರ ಬದಲು ಎಲ್ಲರಿಗೂ ಸಾಲಿಡ್ ಸ್ಟೇಟ್, ಅಂದರೆ ಘನವಸ್ತುಗಳ ಫಿಸಿಕ್ಸ್, ಅಂದರು. ಹೋದ ವರ್ಷ ಯಾವ ಎಲೆಕ್ಟಿವ್ ನಿಜಕ್ಕೂ ನಡೆಯಿತು ಅಂತ ಅಲ್ಲಿನ ಸೀನಿಯರ್‌ಗಳನ್ನೇ ಕೇಳು.

ಟಿಳಕವಾಡಿ ಮಾಸ್ತರ:
ಮೇಲಿನವರು ಹೇಳಿದ್ದು ಖರೆ. ಐಐಟಿಗಳ ಎಂಎಸ್ಸಿಗೂ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಜ್ಯಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು, ಮೂರು ಗಂಟೆ, 100 ಅಂಕ. ಅದಕ್ಕೆ ಮ್ಯಾಟ್ರಿಕ್ಸ್, ಐಗನ್ ವ್ಯಾಲ್ಯೂ, ಹಾರ್ಮೋನಿಕ್ ಆಸಿಲೇಟರ್ ಗಟ್ಟಿ ಮಾಡಿಕೋ. ಆಸಿಲೇಟರ್ ಅಂತೂ ಬಿಡಬೇಡ, ಮುಂದೆ ಫೋಟಾನ್ ಪಾಠ ಶುರುವಾಗುವುದೇ ಅಲ್ಲಿಂದ. 2023ರಲ್ಲಿ ಕೇಂದ್ರ ಸರ್ಕಾರ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ಒಪ್ಪಿಕೊಂಡಿದೆ, ನಿಜ, ಆದರೆ ಅದರಿಂದ ನಿನಗೆ ನೌಕರಿ ಇಟ್ಟಿದ್ದಾರೆ ಅಂತ ಅಲ್ಲ. ಮಾಮನಿಗೆ ಹೇಳು, ಪಿಯು ಲೆಕ್ಚರರ್ ಆಗಬೇಕಂದ್ರೂ ಎಂಎಸ್ಸಿ ಬೇಕೇ ಬೇಕು. ಬಿ.ಎಡ್ ಆಮೇಲೂ ಆಗುತ್ತದೆ.

ಇಂಡಿ ಹುಡುಗ:
ಮಾಮನಿಗೆ ಈ ಕೊನೇ ಮಾತು ಹೇಳಿದೆ, ಸುಮ್ಮನಾದರು. ಅಕ್ಕಾ, ಕಾಣದ ಬೆಳಕು ನೋಡುವ ಆ ಕಾರ್ಡ್ ನಮಗೆ ಸಿಗುತ್ತಾ?

ಜಮಖಂಡಿ ಅಕ್ಕ:
ಕಾರ್ಡ್ ಯಾಕೆ, ಟಿವಿ ರಿಮೋಟ್ ಒತ್ತಿ ಅದರ ತುದಿಯನ್ನು ಮೊಬೈಲ್ ಕ್ಯಾಮೆರಾದಲ್ಲಿ ನೋಡು. ಹಿಂದಿನದರಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡು. ಕತ್ತಲಾದ ಮೇಲೆ.