ಹಾಡಿನ ಬೀಟ್‌ಗೆ ದೃಶ್ಯ ಕುಣಿಯುತ್ತಿಲ್ಲ: ಪ್ರಾಜೆಕ್ಟ್‌ಎಮ್

ಪ್ರಶ್ನೆ: ಲಿನಕ್ಸ್‌ನಲ್ಲಿ ಪ್ರಾಜೆಕ್ಟ್‌ಎಮ್ (ಹಾಡಿಗೆ ತಕ್ಕಂತೆ ಚಲಿಸುವ ದೃಶ್ಯ ಮೂಡಿಸುವ ತಂತ್ರಾಂಶ) ಓಡಿಸಿದರೆ ಬಣ್ಣಗಳು ಸುಮ್ಮನೆ ಹರಿಯುತ್ತವೆ, ಡ್ರಮ್ ಹೊಡೆತಕ್ಕೆ ಸ್ಪಂದನೆಯೇ ಇಲ್ಲ. ರೆಕಾರ್ಡ್ ಮಾಡಿದ ವಿಡಿಯೊ ಚೌಕಚೌಕವಾಗಿ ಒಡೆದು ಕಾಣುತ್ತದೆ. ಏನು ಮಾಡಲಿ?

ಉತ್ತರ 1: ಅದು ಬಹುಶಃ ಮೈಕ್ ಕೇಳಿಸಿಕೊಳ್ಳುತ್ತಿದೆ. ಹಾಡು ಓಡುತ್ತಿರುವಾಗಲೇ ಪಾವುಕಂಟ್ರೋಲ್ (ಸದ್ದು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಹೊಂದಿಸುವ ತಂತ್ರಾಂಶ) ತೆರೆದು, ರೆಕಾರ್ಡಿಂಗ್ ಟ್ಯಾಬ್‌ನಲ್ಲಿ ಪ್ರಾಜೆಕ್ಟ್‌ಎಮ್ ಎದುರಿಗೆ ನಿಮ್ಮ ಸ್ಪೀಕರಿನ 'ಮಾನಿಟರ್' (ಸ್ಪೀಕರಿಗೆ ಹೋಗುವ ಸದ್ದಿನ ಪ್ರತಿ) ಆರಿಸಿ. ತೆರೆಯ ಮೇಲಿನ ಅಲೆಗೆರೆ ನೇರವಾಗಿ ಮಲಗಿದ್ದರೆ ಸದ್ದು ತಲುಪುತ್ತಿಲ್ಲ ಎಂದೇ ಅರ್ಥ.

ಉತ್ತರ 2: ಸದ್ದು ತಲುಪಿದರೂ ಪ್ರಿಸೆಟ್ (ದೃಶ್ಯದ ಚಲನೆ ನಿರ್ಧರಿಸುವ ಸೂತ್ರಗಳ ಫೈಲ್) ಮಂದವಾಗಿರಬಹುದು. ಮಿಲ್ಕ್‌ಡ್ರಾಪ್ (ಪ್ರಾಜೆಕ್ಟ್‌ಎಮ್‌ಗೆ ಮೂಲವಾದ ಹಳೆಯ ತಂತ್ರಾಂಶ) ಮಾದರಿಯ ಪ್ರಿಸೆಟ್‌ಗಳಲ್ಲಿ 'ಬಾಸ್' (ತಗ್ಗು ಸದ್ದಿನ ಮಟ್ಟ) ಬೆಲೆ ಹಾಡಿನ ಇತ್ತೀಚಿನ ಸರಾಸರಿಗೆ ಸಾಪೇಕ್ಷ: ಸಾಮಾನ್ಯವಾಗಿ 1ರ ಆಸುಪಾಸು, 1.3 ದಾಟಿದರೆ ಜೋರು, 0.7ಕ್ಕಿಂತ ಇಳಿದರೆ ಮೆಲು. ಹಾಗಾಗಿ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಇಡೀ ಹಾಡು ಒಂದೇ ಮಟ್ಟದಲ್ಲಿ ಒತ್ತಿ ಮಾಸ್ಟರ್ (ಅಂತಿಮ ಪ್ರತಿ) ಆಗಿದ್ದರೆ ಬೆಲೆ 1ರ ಹತ್ತಿರವೇ ನಿಲ್ಲುತ್ತದೆ. ಪ್ರಿಸೆಟ್‌ನ ಝೂಮ್‌ಗೆ (ಚಿತ್ರ ಹಿಗ್ಗುವ ಪ್ರಮಾಣ) 'ಬಾಸ್_ಅಟ್' ಕಟ್ಟಿದ್ದರೆ ಅದು ನಯಗೊಳಿಸಿದ ಬೆಲೆ, ಹೊಡೆತದ ಚೂಪು ಅಲ್ಲೇ ಕಳೆದುಹೋಗುತ್ತದೆ. 'ಬಾಸ್' ಬಳಸಿ, 1 ಕಳೆದು, 0.05ರಿಂದ ಗುಣಿಸಿ ಝೂಮ್‌ಗೆ ಕೂಡಿಸಿ. ಡಿಕೇ (ಪ್ರತಿ ಫ್ರೇಮ್‌ನಲ್ಲಿ ಹಳೆಯ ಚಿತ್ರ ಉಳಿಯುವ ಪಾಲು) 0.98 ಇದ್ದರೆ ಹಳೆಯ ಚಿತ್ರದ ಬಾಲ ಉದ್ದವಾಗಿ ಹೊಡೆತವನ್ನು ಮುಚ್ಚುತ್ತದೆ. 0.94ಕ್ಕೆ ಇಳಿಸಿ ನೋಡಿ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಉತ್ತರ 3: ಚೌಕಗಳಿಗೆ ಕಾರಣ ಸಾಲದ ಬಿಟ್‌ರೇಟ್ (ವಿಡಿಯೊಗೆ ಪ್ರತಿ ಸೆಕೆಂಡಿಗೆ ಸಿಗುವ ಡೇಟಾ). ಇಲ್ಲಿ ಪ್ರತಿ ಫ್ರೇಮ್‌ನಲ್ಲೂ ಹೆಚ್ಚುಕಡಿಮೆ ಎಲ್ಲ ಪಿಕ್ಸೆಲ್ ಬದಲಾಗುತ್ತವೆ, ಹಿಂದಿನ ಫ್ರೇಮಿನಿಂದ ಎರವಲು ಪಡೆಯಲು ಎನ್‌ಕೋಡರ್‌ಗೆ (ವಿಡಿಯೊ ಕುಗ್ಗಿಸುವ ಭಾಗ) ಹೆಚ್ಚೇನೂ ಉಳಿಯುವುದಿಲ್ಲ. ಓಬಿಎಸ್‌ನಲ್ಲಿ (ತೆರೆ ರೆಕಾರ್ಡ್ ಮಾಡುವ ತಂತ್ರಾಂಶ) ಸ್ಥಿರ ಬಿಟ್‌ರೇಟ್ ಬಿಟ್ಟು, ಎಕ್ಸ್264 ಎನ್‌ಕೋಡರ್‌ಗೆ ಸಿಆರ್‌ಎಫ್ (ಗುಣಮಟ್ಟದ ಸಂಖ್ಯೆ, ಕಡಿಮೆಯಾದಷ್ಟೂ ಚಿತ್ರ ಚೆನ್ನ) 16–18 ಕೊಡಿ. ಫೈಲ್ ದೊಡ್ಡದಾಗುತ್ತದೆ, ಆಗಲಿ. ಕಪ್ಪಿನ ಮೇಲಿನ ತೆಳು ಕೆಂಪು ಗೆರೆ ಆಗಲೂ ಮಸುಕಾದರೆ ಅದು 4:2:0 ಬಣ್ಣದ ಕಡಿತ (ಬೆಳಕಿಗಿಂತ ಬಣ್ಣದ ವಿವರವನ್ನು ಕಡಿಮೆ ಉಳಿಸುವ ಕ್ರಮ). ಗೆರೆ ದಪ್ಪ ಮಾಡಿ.