ಸ್ಪೇನಿನಲ್ಲಿ ಸಂಗೀತಕ್ಕೆ ‘ಗೋಯಾ’ ಥರದ ಒಂದು ಪ್ರಶಸ್ತಿ ಇದೆಯಾ?

ಕಿತ್ತಳೆತೋಟ (ವೆಲೆನ್ಸಿಯಾ):

ಎಲ್ಲರಿಗೂ ನಮಸ್ಕಾರ. ನಾನು ವೆಲೆನ್ಸಿಯಾಗೆ ಬಂದು ಎರಡು ವರ್ಷ ಆಯ್ತು. ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತೇನೆ. ಬರುವ ಗುರುವಾರ ಅಲ್ಲಿ ಎದ್ದು ನಿಂತು ಹತ್ತು ನಿಮಿಷ ಮಾತಾಡಬೇಕು. ಪಕ್ಕದ ಬೆಂಚಿನವಳು ಸಿನಿಮಾದ ಗೋಯಾ ಪ್ರಶಸ್ತಿ ಬಗ್ಗೆ ಹೇಳುತ್ತೇನೆ ಅಂದಳು. ಹಾಗಾದರೆ ನಾನು ಸಂಗೀತದ ಪ್ರಶಸ್ತಿ ಬಗ್ಗೆ ಹೇಳುತ್ತೇನೆ ಅಂತ ಹೆಸರು ಕೊಟ್ಟುಬಿಟ್ಟೆ.

ಹುಡುಕಿದರೆ ಒಂದಲ್ಲ, ಐದಾರು ಹೆಸರು ಬರುತ್ತಿವೆ. ಓಂದಾಸ್, ಅಮೀಗೋ, ಒದೆಯೋನ್, ಮಿನ್. ‘ಪ್ರೆಮಿಯೋಸ್ ದೆ ಲಾ ಮೂಸಿಕಾ’, ಅಂದರೆ ‘ಸಂಗೀತ ಪ್ರಶಸ್ತಿಗಳು’ ಅನ್ನುವ ಹೆಸರೇ ಸರಿಯಾದದ್ದು ಅಂದುಕೊಂಡೆ. ಆದರೆ ಅದರಲ್ಲಿ 2011ರ ನಂತರ ಗೆದ್ದವರೇ ಇಲ್ಲ! ಗೋಯಾ 1987ರಿಂದ ವರ್ಷವೂ ನಡೆಯುತ್ತಿದೆ. ಸಂಗೀತಕ್ಕೆ ಯಾಕೆ ಹಾಗಾಗಲಿಲ್ಲ? ಯಾವುದನ್ನು ‘ದೇಶದ ಪ್ರಶಸ್ತಿ’ ಅಂತ ಹೇಳಲಿ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಮಿಕ್ಸರ್‌ಮನೆ (ಮ್ಯಾಡ್ರಿಡ್):

ನಿಮ್ಮ ಪ್ರಶ್ನೆ ಓದಿ ಕೆಲಸ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ. ನಾನು ಇಲ್ಲಿ ಹನ್ನೊಂದು ವರ್ಷದಿಂದ ಸೌಂಡ್ ಕೆಲಸ ಮಾಡುತ್ತಿದ್ದೇನೆ. ಹಗಲು ಸ್ಟುಡಿಯೋ, ರಾತ್ರಿ ಸಣ್ಣ ಹಾಲ್‌ಗಳಲ್ಲಿ ಮಿಕ್ಸಿಂಗ್, ಅಂದರೆ ಹಾಡು, ವಾದ್ಯಗಳ ದನಿಯನ್ನು ಹದವಾಗಿ ಬೆರೆಸುವುದು.

ಪ್ರತಿ ಪ್ರಶಸ್ತಿಗೂ ಒಂದು ಪ್ರಶ್ನೆ ಕೇಳಿ ನೋಡಿ: ಗೆದ್ದವರನ್ನು ಆರಿಸುವವರು ಯಾರು? ಆಗ ಗೋಜಲು ಅರ್ಧ ಬಿಡುತ್ತದೆ. ಓಂದಾಸ್ ಎಲ್ಲಕ್ಕಿಂತ ಹಳೆಯದು. 1954ರಲ್ಲಿ ರೇಡಿಯೋ ಬಾರ್ಸೆಲೋನಾ ಶುರು ಮಾಡಿದ್ದು, ಅದರ ಗುರುತು ರೆಕ್ಕೆ ಇರುವ ಕುದುರೆ. ಹುಟ್ಟಿದ್ದು ರೇಡಿಯೋಗೆ, ಸಂಗೀತ ಅದರಲ್ಲಿ ಒಂದು ಭಾಗ ಅಷ್ಟೇ. ಅಮೀಗೋ ರೆಕಾರ್ಡ್ ಕಂಪನಿಗಳದ್ದು, ಈಗ ಇಲ್ಲ. 2020ರಲ್ಲಿ ಶುರುವಾದ ಒದೆಯೋನ್ ಕೂಡ ಅವರ ಕಡೆಯದ್ದೇ. ಮಿನ್ 2009ರಲ್ಲಿ ಬಂತು, ಅದು ಸಣ್ಣ ಸ್ವತಂತ್ರ ರೆಕಾರ್ಡ್ ಲೇಬಲ್‌ಗಳದ್ದು.

ನಿಮಗೆ ಸಿಕ್ಕ ಪ್ರೆಮಿಯೋಸ್ ದೆ ಲಾ ಮೂಸಿಕಾ 1997ರಲ್ಲಿ ಶುರುವಾಯ್ತು. ಅದರ ಹಿಂದೆ ಇದ್ದದ್ದು ಎರಡು ಸಂಘ. ಒಂದು ಹಾಡು ಬರೆಯುವವರು ಮತ್ತು ಅದನ್ನು ಪ್ರಕಟಿಸುವವರದ್ದು, ಇನ್ನೊಂದು ಹಾಡುವವರು ಮತ್ತು ನುಡಿಸುವವರದ್ದು. ಮತ ಹಾಕುತ್ತಿದ್ದವರೂ ಅವರೇ. ಗಿಟಾರ್ ನುಡಿಸುವವನು ಇನ್ನೊಬ್ಬ ಗಿಟಾರ್‌ನವನಿಗೆ ಮತ ಕೊಡುತ್ತಿದ್ದ. ನನಗೆ ಇದು ಬಹಳ ದೊಡ್ಡ ವಿಷಯ ಅನಿಸುತ್ತದೆ. ಅಲ್ಲಿ ಪಾಪ್, ರಾಕ್ ಮಾತ್ರ ಇರಲಿಲ್ಲ. ಇಲ್ಲಿನ ಸಾಂಪ್ರದಾಯಿಕ ಫ್ಲಮೆಂಕೋ, ಜಾಝ್, ಶಾಸ್ತ್ರೀಯ ಸಂಗೀತ ಎಲ್ಲಕ್ಕೂ ಜಾಗ ಇತ್ತು. ವಾದ್ಯ ಸಂಯೋಜನೆ ಮಾಡಿದವರಿಗೆ, ಸೌಂಡ್ ಟೆಕ್ನಿಷಿಯನ್‌ಗೆ ಕೂಡ ಬೇರೆ ಪ್ರಶಸ್ತಿ ಇತ್ತು.

ನನಗೆ ಕೆಲಸ ಕಲಿಸಿದವರು ಮೊದಲು ಬಾಸ್ ಗಿಟಾರ್ ನುಡಿಸುತ್ತಿದ್ದರು, ಆಮೇಲೆ ಮಿಕ್ಸರ್ ಮುಂದೆ ಕೂತರು. ಪ್ರತಿ ವರ್ಷ ಮತ ಹಾಕುತ್ತಿದ್ದರಂತೆ. ಮತ ಹಾಕುವ ಹೊತ್ತು ಬಂದಾಗ ಆ ವರ್ಷದ ರೆಕಾರ್ಡ್‌ಗಳನ್ನು ತಂದು ರಾತ್ರಿ ಹೊತ್ತು ಒಂದೊಂದಾಗಿ ಕೇಳುತ್ತಿದ್ದರಂತೆ. ‘ಬೇರೆಯವರ ಕೆಲಸವನ್ನು ಪೂರ್ತಿ ಕೇಳಲು ಅದೊಂದು ನೆಪ ಆಗಿತ್ತು, ಈಗ ಆ ನೆಪ ಹೋಯ್ತು’ ಅಂತ ಒಮ್ಮೆ ಹೇಳಿದರು. 2011ರದ್ದು ಹದಿನೈದನೆಯ ಮತ್ತು ಕೊನೆಯ ಸಲ. ನಾನು ಬರುವ ಹೊತ್ತಿಗೆ ಅದು ನಿಂತು ಹೋಗಿತ್ತು. ಅವರ ಮಾತು ಕೇಳುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಫ್ಲಮೆಂಕೋ ರೆಕಾರ್ಡ್‌ಗೆ ಮೂರು ವಾರ ಮಿಕ್ಸಿಂಗ್ ಮಾಡಿದೆ. ಹಾಡುವವರ ಉಸಿರು ಕೇಳಬೇಕು, ಅಂಗೈ ತಾಳ ಗಿಟಾರನ್ನು ಮುಚ್ಚಬಾರದು. ಅಷ್ಟಕ್ಕೇ ನಾಲ್ಕು ದಿನ ಹೋಯ್ತು. ರೆಕಾರ್ಡ್ ಬಂದಾಗ ಕವರಿನಲ್ಲಿ ನನ್ನ ಹೆಸರೇ ಇರಲಿಲ್ಲ. ದುಡ್ಡು ಕೊಟ್ಟರು, ಅದರ ಮಾತಲ್ಲ. ವರ್ಷಕ್ಕೊಮ್ಮೆ ಸ್ಟೇಜ್ ಮೇಲೆ ಒಬ್ಬ ಸೌಂಡ್‌ನವನ ಹೆಸರು ಕೂಗುವ ಕಡೆ, ಕವರಿನಲ್ಲಿ ಹೆಸರು ಹಾಕಲು ಮರೆಯುವುದು ಅಷ್ಟು ಸುಲಭ ಅಲ್ಲ, ಅಲ್ವಾ?

2024ರ ಜೂನ್‌ನಲ್ಲಿ ಸ್ಪೇನಿನ ಹೊಸ ಸಂಗೀತ ಅಕಾಡೆಮಿ ಮ್ಯಾಡ್ರಿಡ್‌ನಲ್ಲಿ ತನ್ನ ಮೊದಲ ಪ್ರಶಸ್ತಿ ಕೊಟ್ಟಿತು. ಗೋಯಾ ಥರದ್ದು ಅಂತ ಒಂದನ್ನು ತೋರಿಸಬೇಕಾದರೆ ಅದನ್ನೇ ತೋರಿಸಿ. ಆದರೆ ಆ ಹದಿನೈದು ವರ್ಷಗಳ ಕತೆಯನ್ನು ಬಿಡಬೇಡಿ.

ಮಳೆಊರು (ಸಾಂತಿಯಾಗೋ ದೆ ಕಾಂಪೊಸ್ತೇಲಾ):

ಮಿಕ್ಸರ್‌ಮನೆ ಅಣ್ಣ ಒಂದು ವಿಷಯ ಹೇಳಲಿಲ್ಲ, ಅದನ್ನು ನಾನು ಸೇರಿಸುತ್ತೇನೆ. ಭಾಷೆ. ಸ್ಪೇನ್ ಅಂದರೆ ಬರೀ ಸ್ಪ್ಯಾನಿಷ್ ಅಲ್ಲ. ಗಲಿಷಿಯನ್, ಬಾಸ್ಕ್, ಕತಲಾನ್ ಇವೆ, ನಿಮ್ಮ ಊರಿನ ವೆಲೆನ್ಸಿಯನ್ ಇದೆ. ಮಿನ್ ಪ್ರಶಸ್ತಿಯಲ್ಲಿ ಗಲಿಷಿಯನ್, ಬಾಸ್ಕ್, ಕತಲಾನ್ ಆಲ್ಬಮ್‌ಗಳಿಗೆ ಬೇರೆ ಬೇರೆ ವಿಭಾಗ ಇದೆ.

ಇದು ಸುಮ್ನೆ ಬಂದದ್ದಲ್ಲ. 1968ರಲ್ಲಿ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ಗೆ ಗಾಯಕ ಜುವಾನ್ ಮನುಯೆಲ್ ಸೆರ್ರಾತ್ ಹೋಗಬೇಕಿತ್ತು. ಕತಲಾನ್‌ನಲ್ಲೇ ಹಾಡುತ್ತೇನೆ ಅಂದರು. ಸರ್ವಾಧಿಕಾರಿ ಫ್ರಾಂಕೋನ ಸರ್ಕಾರದ ಕಾಲ, ಒಪ್ಪಲಿಲ್ಲ. ಅವರ ಬದಲು ಗಾಯಕಿ ಮಾಸಿಯೆಲ್ ಲಂಡನ್‌ಗೆ ಹೋಗಿ ಅದೇ ಹಾಡನ್ನು ಸ್ಪ್ಯಾನಿಷ್‌ನಲ್ಲಿ ಹಾಡಿ ಗೆದ್ದು ಬಂದರು. ಆ ಸೆರ್ರಾತ್‌ಗೆ 2024ರಲ್ಲಿ ಪ್ರಿನ್ಸೆಸ್ ಆಫ್ ಅಸ್ತೂರಿಯಾಸ್ ಕಲಾ ಪ್ರಶಸ್ತಿ ಸಿಕ್ಕಿತು.

ಇನ್ನೊಂದು, ನಾನೇ ಟಿವಿಯಲ್ಲಿ ನೋಡಿದ್ದು. 2022ರ ಜನವರಿ 29, ಬೆನಿದೋರ್ಮ್ ಫೆಸ್ಟ್‌ನ ಮೊದಲ ವರ್ಷದ ಫೈನಲ್. ಪ್ರಶಸ್ತಿ ಸಮಾರಂಭ ಅಲ್ಲ, ಯೂರೋವಿಷನ್‌ಗೆ ಹಾಡು ಆರಿಸುವ ಸ್ಪರ್ಧೆ. ನಮ್ಮ ಗಲೀಷಿಯಾ ಪ್ರಾಂತ್ಯದ ತಾನ್‌ಶುಗೇಯ್ರಾಸ್ ಅನ್ನುವ ಮೂವರು ಹೆಂಗಸರು ಪಾಂದೆಯ್ರೇತಾ ಹಿಡಿದು ಗಲಿಷಿಯನ್‌ನಲ್ಲಿ ಹಾಡಿದರು. ಪಾಂದೆಯ್ರೇತಾ ಅಂದರೆ ನಮ್ಮ ಕಂಜಿರದ ಥರ, ಸುತ್ತ ತಾಳದ ಬಿಲ್ಲೆಗಳು ಜಾಸ್ತಿ. ಕೆಳಮನೆ ಅಜ್ಜಿ ನನ್ನನ್ನು ಕರೆದು ಸೋಫಾ ಮೇಲೆ ಕೂರಿಸಿಕೊಂಡಿದ್ದರು. ಅವರೂ ಚಿಕ್ಕಂದಿನಲ್ಲಿ ಅದನ್ನು ಬಾರಿಸಿದವರು. ಫೋನ್ ಮಾಡಿದ ಜನರ ಮತದಲ್ಲಿ ಈ ಮೂವರೇ ಮೊದಲು. ಸಮೀಕ್ಷೆಗೆ ಆರಿಸಿದ ಜನರ ಮತದಲ್ಲೂ ಅವರೇ ಮೊದಲು. ಆದರೆ ಒಟ್ಟು ಅಂಕದಲ್ಲಿ ಅರ್ಧದಷ್ಟು ತೀರ್ಪುಗಾರರ ಕೈಯಲ್ಲಿತ್ತು. ಕೊನೆಗೆ ಚಾನೆಲ್ ಅನ್ನುವ ಗಾಯಕಿಗೆ 96, ರಿಗೊಬೆರ್ತಾ ಬಂದೀನಿಗೆ 91, ಇವರಿಗೆ 90. ಅಜ್ಜಿ ಏನೂ ಹೇಳದೆ ಟಿವಿ ಆಫ್ ಮಾಡಿದರು. ಬೆಳಿಗ್ಗೆ ನೋಡಿದರೆ ಅಟ್ಟದಿಂದ ಹಳೆಯ ಪಾಂದೆಯ್ರೇತಾ ಇಳಿಸಿ ಒರೆಸುತ್ತಿದ್ದರು.

ಚಾನೆಲ್ ಯೂರೋವಿಷನ್‌ನಲ್ಲಿ ಮೂರನೆಯವಳಾಗಿ ಬಂದಳು, ಚೆನ್ನಾಗಿ ಕುಣಿದಳು, ಅವಳ ಮೇಲೆ ನನಗೆ ಬೇಸರ ಇಲ್ಲ. ‘ಆರಿಸುವವರು ಯಾರು’ ಅನ್ನುವ ಪ್ರಶ್ನೆ ಎಷ್ಟು ಮುಖ್ಯ ಅಂತ ಆ ರಾತ್ರಿ ಅರ್ಥ ಆಯ್ತು.

ಕಿತ್ತಳೆತೋಟ (ವೆಲೆನ್ಸಿಯಾ):

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮಾತನ್ನು ಸೆರ್ರಾತ್‌ನಿಂದ ಶುರು ಮಾಡುತ್ತೇನೆ. ಪ್ರೆಮಿಯೋಸ್ ದೆ ಲಾ ಮೂಸಿಕಾಗೆ ಐದು ನಿಮಿಷ ಇಟ್ಟಿದ್ದೇನೆ. ಅಣ್ಣ, ಸೌಂಡ್ ಟೆಕ್ನಿಷಿಯನ್‌ಗೆ ಸ್ಪ್ಯಾನಿಷ್‌ನಲ್ಲಿ ಏನಂತಾರೆ? ಆ ಪದವನ್ನು ತಪ್ಪಿಲ್ಲದೆ ಹೇಳಬೇಕು.

ಮಿಕ್ಸರ್‌ಮನೆ (ಮ್ಯಾಡ್ರಿಡ್):

ತೆಕ್ನಿಕೋ ದೆ ಸೋನಿದೋ. ಮೊದಲ ಪದದಲ್ಲಿ ‘ತೆ’ ಮೇಲೆ ಒತ್ತು, ಕೊನೆಯದರಲ್ಲಿ ‘ನಿ’ ಮೇಲೆ. ಹೆಂಗಸಾದರೆ ತೆಕ್ನಿಕಾ. ನಮ್ಮ ಸ್ಟುಡಿಯೋದಲ್ಲಿ ಈಗ ಇಬ್ಬರು ಇದ್ದಾರೆ, ಅದನ್ನೂ ಹೇಳಿ.